ಇಡುಗಂಟಿನ ಮುಂದೆ ನಿವೃತ್ತ ನೌಕರ

2006ರ ಏಪ್ರಿಲ್ 1ರಿಂದ ರಾಜ್ಯ ಸರ್ಕಾರದ ಸೇವೆಗೆ ಸೇರಿದವರನ್ನು ಹೊಸ ಪಿಂಚಣಿ ಯೋಜನೆಯ ವ್ಯಾಪ್ತಿಗೆ ತರಲಾಯಿತು. ಅವರಲ್ಲಿ ತಡವಾಗಿ ನೌಕರಿ ಹಿಡಿದವರು ಈಗ ಅರವತ್ತು ತುಂಬಿ ಮನೆ ಸೇರುತ್ತಿದ್ದಾರೆ. ಹಳೆಯ ಪಿಂಚಣಿ ತಿಂಗಳು ತಿಂಗಳು ಬರುತ್ತಿತ್ತು, ತುಟ್ಟಿಭತ್ಯೆಯೊಡನೆ ಏರುತ್ತಲೂ ಇತ್ತು. ಹೊಸ ಯೋಜನೆಯಲ್ಲಿ ಸಂಚಿತ ಮೊತ್ತದ ಶೇ 60ರವರೆಗೆ ಒಮ್ಮೆಗೇ ಕೈಸೇರುತ್ತದೆ. ಉಳಿದುದರಲ್ಲಿ ವಿಮಾ ಕಂಪನಿಯಿಂದ ವರ್ಷಾಶನ ಕೊಳ್ಳಬೇಕು. ಅದು ಸಾಮಾನ್ಯವಾಗಿ ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚುವುದಿಲ್ಲ.

ಸಾರ್ವಜನಿಕ ಚರ್ಚೆ ಈ ಲೆಕ್ಕಕ್ಕೇ ನಿಲ್ಲುತ್ತದೆ. ಮನೆಯೊಳಗಿನ ಸಂಕಟ ಬೇರೆ. ಇಡುಗಂಟು ಬಂದೊಡನೆ ಮಗನ ನಿವೇಶನ, ಮಗಳ ಮದುವೆ, ತಮ್ಮನ ಸಾಲ ಎದುರಿಗೆ ಬಂದು ನಿಲ್ಲುತ್ತವೆ. ತಿಂಗಳ ಪಿಂಚಣಿಗೆ ಯಾರೂ ಕೈಯೊಡ್ಡುತ್ತಿರಲಿಲ್ಲ; ಇಡುಗಂಟಿಗೆ ಆ ರಕ್ಷಣೆ ಇಲ್ಲ. ಕೊಡದಿದ್ದರೆ ಜಿಪುಣನೆಂಬ ಮಾತು. ಕೊಟ್ಟರೆ, ಎಪ್ಪತ್ತೈದರಲ್ಲಿ ಔಷಧದ ಚೀಟಿ ಹಿಡಿದು ಅದೇ ಮಗನ ಮುಂದೆ ನಿಲ್ಲಬೇಕು. ನಿನ್ನೆಯವರೆಗೆ ಮನೆ ನಡೆಸಿದವರಿಗೆ ಹಣದ ಕೊರತೆಗಿಂತ ಈ ಕೇಳುವ ಸ್ಥಿತಿಯೇ ಹೆಚ್ಚು ನೋಯಿಸುತ್ತದೆ. ಶಿಕ್ಷಕರು, ಗುಮಾಸ್ತರು ಹೂಡಿಕೆಯ ಪರಿಣತರಲ್ಲ. ಆಗಬೇಕೆಂದು ಸರ್ಕಾರವೂ ಅವರಿಗೆ ಎಂದೂ ಹೇಳಿರಲಿಲ್ಲ.

ಕೇಂದ್ರವು 2025ರ ಏಪ್ರಿಲ್‌ನಿಂದ ಜಾರಿಗೊಳಿಸಿದ ಏಕೀಕೃತ ಪಿಂಚಣಿ ಯೋಜನೆಯು ಕೊನೆಯ 12 ತಿಂಗಳ ಸರಾಸರಿ ಮೂಲವೇತನದ ಅರ್ಧವನ್ನು ಖಾತರಿಪಡಿಸುವುದು 25 ವರ್ಷ ಸೇವೆ ಪೂರೈಸಿದವರಿಗೆ. ರಾಜ್ಯವು ಅದೇ ಮಾದರಿಯನ್ನು ಹಿಡಿದರೆ, ನಲವತ್ತರ ಹೊಸ್ತಿಲಲ್ಲಿ ಕೆಲಸಕ್ಕೆ ಸೇರಿದ ಇವರಿಗೆ ಪೂರ್ಣ ಖಾತರಿ ದಕ್ಕದು.