ಹಡೆದವಳ ಮೇಲೆಯೇ ಏಕೆ ಅಪವಾದ?

ಮನೆಯಲ್ಲಿ ಇಪ್ಪತ್ತರ ಹುಡುಗನೊಬ್ಬ ತನ್ನಷ್ಟಕ್ಕೆ ತಾನೇ ಮಾತಾಡತೊಡಗಿದರೆ, ಯಾರೋ ವಿಷ ಹಾಕುತ್ತಾರೆಂದು ಊಟ ಬಿಟ್ಟರೆ, ನಮ್ಮ ಕಡೆ ಮೊದಲು ಹುಡುಕುವುದು ಡಾಕ್ಟರನ್ನಲ್ಲ, ತಪ್ಪಿತಸ್ಥಳನ್ನು. ಅವಳು ಸಿಗುವುದಕ್ಕೂ ತಡವಾಗುವುದಿಲ್ಲ, ಅಡಿಗೆಮನೆಯಲ್ಲೇ ಇರುತ್ತಾಳೆ. “ಬಸುರಿದ್ದಾಗ ಗ್ರಹಣದಾಗ ಹೊರಗ ಬಂದಿದ್ಲಂತ.” “ಅವರ ತವರುಮನಿ ರಕ್ತನ ಹಂಗ ಬಿಡ್ರಿ.” ಅಂಕಲಿಯಿಂದ ಅಥಣಿಯವರೆಗೆ ಕೃಷ್ಣೆಯ ಎರಡೂ ದಂಡೆಯಲ್ಲಿ ಇಂಥ ಮಾತು ನುಂಗಿಕೊಂಡ ತಾಯಂದಿರಿದ್ದಾರೆ.

ಹಳ್ಳಿಯವರ ಅಜ್ಞಾನ ಎಂದು ನಗಬೇಡಿ. ಕಲಿತವರೂ ಇದನ್ನೇ ಮಾಡಿದ್ದಾರೆ. 1948ರಲ್ಲಿ ಅಮೆರಿಕದಲ್ಲಿದ್ದ ಮನೋವೈದ್ಯೆ ಫ್ರೀಡಾ ಫ್ರಾಮ್-ರೈಖ್‌ಮನ್, ಸ್ಕಿಜೋಫ್ರೇನಿಯಾ ಹುಟ್ಟಿಸುವ ತಾಯಿ ಎಂಬ ಅರ್ಥದ ಪದವನ್ನೇ ಬಳಕೆಗೆ ತಂದರು. ಅದಕ್ಕೆ ಆಧಾರವಿಲ್ಲವೆಂದು ವೈದ್ಯಲೋಕ ಒಪ್ಪಿಕೊಳ್ಳುವಷ್ಟರಲ್ಲಿ ಎಷ್ಟೋ ತಾಯಂದಿರು ಅಪರಾಧಿಗಳಾಗಿ ಬದುಕಿ ಸತ್ತಿದ್ದರು.

ಮೊದಲು ರಕ್ತದ ಮಾತಿಗೆ ಬರೋಣ. ಈ ರೋಗದಲ್ಲಿ ಅನುವಂಶಿಕತೆಯ ಪಾಲು ದೊಡ್ಡದೆಂಬುದು ನಿಜ. ಸಾಮಾನ್ಯವಾಗಿ ನೂರರಲ್ಲಿ ಸುಮಾರು ಒಬ್ಬರಿಗೆ ಬರುವ ರೋಗ, ತಂದೆಗೋ ತಾಯಿಗೋ ಇದ್ದರೆ ಅಂಥವರ ಮಕ್ಕಳಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಬರುತ್ತದೆ. ಉಳಿದ ತೊಂಬತ್ತು ಮಂದಿಗೆ ಬರುವುದಿಲ್ಲ ಎಂಬುದನ್ನೂ ಲೆಕ್ಕ ಹಿಡಿಯಿರಿ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬನಿಗೆ ರೋಗವಿದ್ದರೂ ಕಡಿಮೆಯೆಂದರೆ ಅರ್ಧದಷ್ಟು ಜೋಡಿಗಳಲ್ಲಿ ಇನ್ನೊಬ್ಬ ನೆಟ್ಟಗಿರುತ್ತಾನೆ. ಇದಕ್ಕೆ ಕಾರಣವಾದದ್ದು ಒಂದೇ ಜೀನ್ ಅಲ್ಲ, ನೂರಾರು. ಅವು ತಂದೆಯಿಂದಲೂ ಬರುತ್ತವೆ, ತಾಯಿಯಿಂದಲೂ ಬರುತ್ತವೆ. ಸೋದರಮಾವನಿಗೇ ಹೆಣ್ಣು ಕೊಟ್ಟ ನಮ್ಮ ಮನೆಗಳಲ್ಲಂತೂ “ನಿಮ್ಮ ಕಡೆಯ ರಕ್ತ, ನಮ್ಮ ಕಡೆಯ ರಕ್ತ” ಎಂದು ಜಗಳಾಡುವುದೇ ನಗೆಗೇಡು. ಅವಳ ತಾಯಿಯ ತವರೇ ಅವನು ಹುಟ್ಟಿದ ಮನೆಯಲ್ಲವೆ?

ಇನ್ನೊಂದು ಸಂಗತಿಯನ್ನು ಗಂಡಸರು ಕೇಳಬೇಕು. 2001ರಲ್ಲಿ ಪ್ರಕಟವಾದ ಜೆರುಸಲೇಮಿನ ಅಧ್ಯಯನವೊಂದರಲ್ಲಿ, ಐವತ್ತು ದಾಟಿದ ತಂದೆಯರ ಮಕ್ಕಳಿಗೆ ಎಳೆಯ ತಂದೆಯರ ಮಕ್ಕಳಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಸಂಭವ ಕಂಡುಬಂತು. ಆದರೂ ಮಗನ ರೋಗಕ್ಕೆ ಅಪ್ಪನ ವಯಸ್ಸು ಕೇಳಿದವರನ್ನು ನೀವು ಕಂಡಿದ್ದೀರಾ?

ಇನ್ನು ಬಸಿರಿನ ಮಾತು. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ, ಹಸಿವಿಗೆ ಇದೆ. 1944–45ರ ಚಳಿಗಾಲದಲ್ಲಿ ಜರ್ಮನ್ ಸೇನೆ ನೆದರ್‌ಲೆಂಡ್ಸಿನ ಪಶ್ಚಿಮ ಭಾಗದ ಊರುಗಳಿಗೆ ಕಾಳುಕಡಿ ಹೋಗದಂತೆ ತಡೆಯಿತು. ಆ ಉಪವಾಸ ತೀವ್ರವಾಗಿದ್ದಾಗ ಗರ್ಭದಲ್ಲಿ ಮೂಡಿದ ಮಕ್ಕಳಲ್ಲಿ ಮುಂದೆ ಈ ರೋಗ ಸುಮಾರು ಎರಡು ಪಟ್ಟು ಕಾಣಿಸಿತು. 1959–61ರ ಚೀನಾದ ಬರಗಾಲದ ಮಕ್ಕಳಲ್ಲೂ ಹಾಗೆಯೇ ಆಯಿತು. ಬಸುರಿಗೆ ತಗಲುವ ಕೆಲವು ಸೋಂಕುಗಳು, ಏರಿದ ರಕ್ತದೊತ್ತಡ, ಹೆರಿಗೆಯಲ್ಲಿ ಕೂಸಿಗೆ ಉಸಿರು ಕಟ್ಟುವುದು, ಇವೂ ಸಂಭವವನ್ನು ತುಸು ಹೆಚ್ಚಿಸುತ್ತವೆ. ತುಸು ಮಾತ್ರ. ಇವನ್ನೆಲ್ಲ ದಾಟಿ ಹುಟ್ಟಿದ ಮಕ್ಕಳಲ್ಲಿ ಬಹುತೇಕ ಎಲ್ಲರೂ ಚೆನ್ನಾಗಿಯೇ ಇರುತ್ತಾರೆ. ಆದ್ದರಿಂದ ಯಾವ ತಾಯಿಯೂ ತನ್ನ ಆ ಒಂಬತ್ತು ತಿಂಗಳನ್ನು ಕೆದಕಿ ಕೆದಕಿ ನೋಯಬೇಕಿಲ್ಲ.

ಆದರೆ ಒಂದು ಪ್ರಶ್ನೆ. ಬಸುರಿಯ ಹಸಿವಿಗೆ ಹೊಣೆ ಯಾರು? ಎಲ್ಲರ ಊಟವಾದಮೇಲೆ ಉಳಿದ ರೊಟ್ಟಿ ತಿನ್ನುವುದು ಅವಳು ಆರಿಸಿಕೊಂಡದ್ದಲ್ಲ. ನಿಪ್ಪಾಣಿಯ ತಂಬಾಕಿನ ಘಾಟಿನಲ್ಲಿ, ಕಬ್ಬಿನ ಹೊಲದ ಬಿಸಿಲಿನಲ್ಲಿ ದಿನ ತುಂಬುವವರೆಗೂ ದುಡಿಯುವವಳು ಹವ್ಯಾಸಕ್ಕೆ ದುಡಿಯುವುದಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಬಂದಾಗ ದಂಡೆಯ ಊರುಗಳ ಜನ ಗಂಟುಮೂಟೆ ಹೊತ್ತು ಮನೆ ಬಿಟ್ಟರು. ಆ ಜನರಲ್ಲಿ ಬಸುರಿಯರಿರಲಿಲ್ಲವೆ? 2017ರಲ್ಲಿ ಸರ್ಕಾರ ಮಾತೃಪೂರ್ಣ ಯೋಜನೆ ತಂದು ಅಂಗನವಾಡಿಯಲ್ಲಿ ಬಸುರಿ-ಬಾಣಂತಿಯರಿಗೆ ಬಿಸಿಯೂಟ ಬಡಿಸಲು ಹೊರಟಾಗ, “ನಮ್ಮ ಮನಿ ಸೊಸಿ ಅಲ್ಲಿ ಹೋಗಿ ಉಣ್ಣೂದು ಚಂದಲ್ಲ” ಎಂದು ತಡೆಯುವ ಹಿರಿಯರಿಗೆ ಏನನ್ನಬೇಕು? ಉಣ್ಣಿಸದ ಮನೆಗೆ ಅವಳ ಬಸಿರಿನ ಲೆಕ್ಕ ಕೇಳುವ ಹಕ್ಕೇನಿದೆ?

ಅಪವಾದದಿಂದ ಆಗುವ ಹಾನಿ ತಾಯಿಗಷ್ಟೇ ಅಲ್ಲ. ಕಳಂಕಕ್ಕೆ ಹೆದರಿ ರೋಗವನ್ನು ಮುಚ್ಚಿಡುತ್ತಾರೆ. “ಲಗ್ನಾ ಮಾಡ್ರಿ, ಸುಧಾರಿಸ್ತಾನ” ಎಂದು ಏನೂ ಅರಿಯದ ಇನ್ನೊಂದು ಹೆಣ್ಣನ್ನು ತಂದು ಕಟ್ಟುತ್ತಾರೆ. ಅಷ್ಟರಲ್ಲಿ ಚಿಕಿತ್ಸೆಯ ಒಳ್ಳೆಯ ಕಾಲ ಜಾರಿಹೋಗಿರುತ್ತದೆ. ಬೇಗ ಗುಳಿಗೆ ಶುರುಮಾಡಿ ಬಿಡದೆ ನಡೆಸಿಕೊಂಡು ಹೋದರೆ ಎಷ್ಟೋ ಮಂದಿ ದುಡಿದು ಬದುಕುವಂತಾಗುತ್ತಾರೆ. ಚಿಂಚಲಿ ಮಾಯಕ್ಕನಿಗೆ ಹರಕೆ ಹೊರಬೇಡಿ ಎನ್ನುವವಳಲ್ಲ ನಾನು, ಹರಕೆಯ ಜೊತೆಗೆ ಗುಳಿಗೆಯೂ ಇರಲಿ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆ, ಡಿಮ್ಹಾನ್ಸ್, ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ಗೆ 14416 ಒತ್ತಿದರೆ ಕಾಸಿಲ್ಲದೆ ಕನ್ನಡದಲ್ಲೇ ಸಲಹೆ ಸಿಗುತ್ತದೆ.

ಗೆಳತಿಯರೇ, ಮುಂದಿನ ಸಲ ಯಾರಾದರೂ “ಯಾರ ಕಡೆಯಿಂದ ಬಂತು ಇದು?” ಎಂದು ಪಿಸುಗುಟ್ಟಿದರೆ ತಲೆ ತಗ್ಗಿಸಬೇಡಿ, ತಲೆಯಾಡಿಸಲೂ ಬೇಡಿ. “ಡಾಕ್ಟರ ಕಡೆ ಯಾವಾಗ ಕರಕೊಂಡು ಹೋಗ್ತೀರಿ?” ಎಂದು ತಿರುಗಿ ಕೇಳಿ. ಮತ್ತು ಆ ಮನೆಯಲ್ಲೊಬ್ಬಳು ಬಸುರಿ ಇದ್ದರೆ, ಮೊದಲ ಬಿಸಿರೊಟ್ಟಿ ಅವಳ ತಾಟಿಗೆ ಬೀಳಲಿ.