ಎಡ್ಮಂಟನ್ನಿನ ವ್ಯಾಧಿ ಆಟಗಾರರ ಪಟ್ಟಿಯಲ್ಲಿಲ್ಲ

2025ರ ಋತುವು 7 ಗೆಲವು, 11 ಸೋಲುಗಳಲ್ಲಿ ಮುಗಿದು, ಕೆನೇಡಿಯನ್ ಫುಟ್‌ಬಾಲ್ ಲೀಗಿನ ಎಡ್ಮಂಟನ್ ಎಲ್ಕ್ಸ್ ತಂಡವು ತಾನಾಡಿದ ಸತತ ಐದನೆಯ ಋತುವಿನಲ್ಲಿಯೂ ಪ್ಲೇಆಫಿನ ಹೊರಗೆ ಉಳಿದ ಮೇಲೆ, ಆ ನಗರದ ಅಭಿಮಾನಿಗಳ ನಡುವೆ ಎರಡು ಪ್ರಶ್ನೆಗಳು ಮತ್ತೆ ತಲೆಯೆತ್ತಿವೆ. ಕ್ವಾರ್ಟರ್‌ಬ್ಯಾಕ್ (ತಂಡದ ದಾಳಿಯನ್ನು ನಡೆಸುವ ಆಟಗಾರ) ಸ್ಥಾನಕ್ಕೆ ಟ್ರೇ ಫೋರ್ಡ್ ತಕ್ಕವರೋ ಕೋಡಿ ಫಹಾರ್ಡೊ ತಕ್ಕವರೋ ಎಂಬುದು ಮೊದಲನೆಯದು. ಮುಖ್ಯ ತರಬೇತುದಾರ ಮಾರ್ಕ್ ಕಿಲಮ್ ಅವರನ್ನು ಇನ್ನೂ ಒಂದು ವರ್ಷ ಸಹಿಸಿಕೊಳ್ಳಬೇಕೆ ಎಂಬುದು ಎರಡನೆಯದು. ಇವೆರಡೂ ತಪ್ಪು ಪ್ರಶ್ನೆಗಳೆಂಬುದೂ, ತಂಡವನ್ನು ಕಾಡುತ್ತಿರುವ ವ್ಯಾಧಿಯನ್ನು ಆಟಗಾರರ ಪಟ್ಟಿಯಲ್ಲಿ ಹುಡುಕುವುದನ್ನು ಬಿಟ್ಟು ಪದಚ್ಯುತರ ಪಟ್ಟಿಯಲ್ಲಿ ಹುಡುಕಬೇಕೆಂಬುದೂ ನನ್ನ ನಿಶ್ಚಿತವಾದ ಅಭಿಪ್ರಾಯ. ತೀರ್ಪನ್ನು ಮೊದಲೇ ಹೇಳಿಬಿಟ್ಟಿದ್ದೇನೆ. ಅದನ್ನು ಸಮರ್ಥಿಸುವ ಭಾರವೂ ನನ್ನದೇ.

ಅಭಿಮಾನಿಗಳ ದುಃಖವು ನ್ಯಾಯವಾದದ್ದೆಂಬುದರಲ್ಲಿ ಸಂದೇಹವಿಲ್ಲ. 1972ರಿಂದ 2005ರವರೆಗೆ ಒಂದು ವರ್ಷವೂ ತಪ್ಪದೆ, ಸತತವಾಗಿ 34 ಋತುಗಳಲ್ಲಿ ಪ್ಲೇಆಫ್ ಪ್ರವೇಶಿಸಿದ, 1978ರಿಂದ 1982ರವರೆಗೆ ಲೀಗಿನ ಚಾಂಪಿಯನ್ ತಂಡಕ್ಕೆ ಸಲ್ಲುವ ಐದು ಗ್ರೇ ಕಪ್‌ಗಳನ್ನು ಒಂದರ ಹಿಂದೊಂದರಂತೆ ಗೆದ್ದ ತಂಡವಿದು. ಅಂಥ ತಂಡವು ತವರಿನ ಮೈದಾನದಲ್ಲಿ 22 ಪಂದ್ಯಗಳನ್ನು ಸಾಲಾಗಿ ಸೋತು, ಸೇಂಟ್ ಲೂಯಿಸ್ ಬ್ರೌನ್ಸ್ ಎಂಬ ಬೇಸ್‌ಬಾಲ್ ತಂಡವು 1953ರಲ್ಲಿ ಪಡೆದಿದ್ದ 20 ಸೋಲುಗಳ ಅಪಕೀರ್ತಿಯನ್ನೂ ಮೀರಿತು. 2019ರ ಅಕ್ಟೋಬರ್ 12ರಂದು ತವರಿನಲ್ಲಿ ಕಂಡ ಜಯವನ್ನು ಆ ಜನ ಮತ್ತೆ ಕಂಡದ್ದು 2023ರ ಆಗಸ್ಟ್ 27ರಂದು, ಒಟ್ಟವಾವನ್ನು 30-20ರಿಂದ ಮಣಿಸಿದಾಗ. ನಡುವೆ ಕಳೆದದ್ದು 1,415 ದಿನಗಳು. 2024ರಲ್ಲಿ ಕಾಮನ್‌ವೆಲ್ತ್ ಸ್ಟೇಡಿಯಮ್ಮಿನ ಮೇಲಂತಸ್ತಿನ ಆಸನಗಳನ್ನು ಮುಚ್ಚಬೇಕಾಯಿತು. ಅದೇ ವರ್ಷದ ಆಗಸ್ಟಿನಲ್ಲಿ, 1949ರಿಂದಲೂ ನಗರದ ಜನಸಮುದಾಯದ ಸ್ವತ್ತಾಗಿದ್ದ ಸಂಸ್ಥೆಯನ್ನು ಲ್ಯಾರಿ ಥಾಂಪ್ಸನ್ ಎಂಬ ಉದ್ಯಮಿಗೆ ಮಾರಬೇಕಾಯಿತು. ಇಷ್ಟನ್ನೆಲ್ಲ ನುಂಗಿಕೊಂಡು ಮತ್ತೆ ಟಿಕೆಟ್ಟು ಕೊಳ್ಳುವವನಿಗೆ ಕೋಪಗೊಳ್ಳುವ ಅಧಿಕಾರವು ಸಂಪೂರ್ಣವಾಗಿ ಉಂಟು. ಆ ಕೋಪವು ಪ್ರತಿಸಲವೂ ಬೇಡುವ ಬಲಿಯ ವಿಷಯದಲ್ಲಿ ಮಾತ್ರ ನನ್ನ ತಕರಾರು.

ಯಾರೂ ಕಣ್ಣೆತ್ತಿ ನೋಡದ ಒಂದು ಲೆಕ್ಕವನ್ನು ಇಲ್ಲಿ ಮುಂದಿಡುತ್ತೇನೆ. 2016ರಿಂದ 2019ರವರೆಗೆ ಜೇಸನ್ ಮಾಸ್ ತರಬೇತುದಾರರಾಗಿದ್ದ ನಾಲ್ಕು ಋತುಗಳಲ್ಲಿ ಎಡ್ಮಂಟನ್ ಗೆದ್ದದ್ದು 39, ಸೋತದ್ದು 33. ಇದು ವೈಭವದ ಲೆಕ್ಕವಲ್ಲ, ನಿಜ. ಆದರೆ ನಾಲ್ಕರಲ್ಲಿ ಮೂರು ವರ್ಷ ತಂಡವು ಪ್ಲೇಆಫ್ ಸೇರಿತ್ತು, ಕೊನೆಯ ವರ್ಷದಲ್ಲಂತೂ ಪ್ಲೇಆಫಿಗಾಗಿ ತನ್ನ ಪಶ್ಚಿಮ ವಿಭಾಗದಿಂದ ಪೂರ್ವ ವಿಭಾಗಕ್ಕೆ ದಾಟಿ ಅಲ್ಲಿನ ಫೈನಲ್ಲಿನವರೆಗೆ ಹೋಗಿತ್ತು. ಇಷ್ಟು ಸಾಲದೆಂಬ ಕೂಗು ಎದ್ದಿತು. ಮಾಸ್ ಅವರನ್ನು ಕಳುಹಿಸಲಾಯಿತು. ಅಂದಿನಿಂದ 2025ರ ಅಂತ್ಯದವರೆಗಿನ ಐದು ಋತುಗಳನ್ನು ಕೂಡಿಸಿ ನೋಡಿದರೆ, 3-11, 4-14, 4-14, 7-11, 7-11, ಒಟ್ಟು 86 ಪಂದ್ಯಗಳಲ್ಲಿ ಗೆಲವು 25, ಸೋಲು 61. ಸಾಧಾರಣವೆಂದು ತಿರಸ್ಕರಿಸಿದ್ದರ ಸ್ಥಾನದಲ್ಲಿ ಆ ನಗರಕ್ಕೆ ದೊರೆತ ಪ್ರತಿಫಲವು ಇದೇ.

ಮಾಸ್ ಅವರ ತರುವಾಯ ಬಂದವರ ಹೆಸರುಗಳನ್ನು ಒಂದೊಂದಾಗಿ ಓದಿದರೆ ವ್ಯಾಧಿಯ ಸ್ವರೂಪವು ತಾನಾಗಿಯೇ ಸ್ಪಷ್ಟವಾಗುತ್ತದೆ. ಸ್ಕಾಟ್ ಮಿಲನೊವಿಚ್ ನೇಮಕಗೊಂಡರು, ಸಾಂಕ್ರಾಮಿಕದ ದೆಸೆಯಿಂದ ಋತುವೇ ನಡೆಯಲಿಲ್ಲ, ಒಂದು ಪಂದ್ಯವನ್ನೂ ಆಡಿಸದೆ ಹೊರಟುಹೋದರು. ಜೇಮಿ ಎಲಿಜೊಂಡೊ ಒಂದೇ ಋತುವಿನ 14 ಪಂದ್ಯಗಳಿಗೆ ಮುಗಿದರು. 2021ರ ನವೆಂಬರಿನಲ್ಲಿ ಅವರನ್ನೂ, ಜನರಲ್ ಮ್ಯಾನೇಜರರನ್ನೂ, ಸಂಸ್ಥೆಯ ಅಧ್ಯಕ್ಷರನ್ನೂ ಒಂದೇ ದಿನ ಮನೆಗೆ ಕಳುಹಿಸಲಾಯಿತು. ಅನಂತರ ಕ್ರಿಸ್ ಜೋನ್ಸ್, ಅವರ ಅನಂತರ ಹಂಗಾಮಿಯಾಗಿ ಜೇರಿಯಸ್ ಜ್ಯಾಕ್ಸನ್, ಈಗ ಕಿಲಮ್. ಮಾಸ್ ಅವರನ್ನೂ ಸೇರಿಸಿದರೆ 2019ರಿಂದ 2025ರೊಳಗೆ ಆರು ಮಂದಿ. ಅದೇ ಅವಧಿಯಲ್ಲಿ ವಿನ್ನಿಪೆಗ್ ತಂಡಕ್ಕೆ ಇದ್ದ ಮುಖ್ಯ ತರಬೇತುದಾರರು ಮೈಕ್ ಓಶೇ ಒಬ್ಬರೇ.

ಹೊರಗಟ್ಟಲ್ಪಟ್ಟವರು ಅಯೋಗ್ಯರಾಗಿದ್ದರೆಂದು ವಾದಿಸುವವರು 2023ರಿಂದ 2025ರವರೆಗಿನ ಮೂರು ಗ್ರೇ ಕಪ್‌ಗಳನ್ನು ಪರಿಶೀಲಿಸಬೇಕು. 2023ರಲ್ಲಿ ಗೆದ್ದ ಮಾಂಟ್ರಿಯಲ್ಲಿನ ತರಬೇತುದಾರರು ಎಡ್ಮಂಟನ್ ಬೇಡವೆಂದ ಅದೇ ಜೇಸನ್ ಮಾಸ್. 2024ರಲ್ಲಿ ಟೊರಾಂಟೊ ಗೆದ್ದಾಗ ಗಾಯಗೊಂಡವರ ಬದಲಿಗೆ ಕ್ವಾರ್ಟರ್‌ಬ್ಯಾಕ್ ಆಗಿ ನಿಂತು ಫೈನಲ್ಲಿನ ಅತ್ಯುತ್ತಮ ಆಟಗಾರನೆನಿಸಿದವರು ನಿಕ್ ಆರ್ಬಕಲ್. 2022ರ ಜುಲೈಯಲ್ಲಿ, ಋತುವಿನ ಮಧ್ಯದಲ್ಲಿಯೇ, ಎಡ್ಮಂಟನ್ ಅವರನ್ನು ಒಟ್ಟವಾಕ್ಕೆ ಸಾಗಹಾಕಿತ್ತು. 2025ರಲ್ಲಿ ಸಸ್ಕಾಚೆವನ್ ತಂಡವು ಮಾಂಟ್ರಿಯಲ್ಲನ್ನು 25-17ರಿಂದ ಸೋಲಿಸಿದಾಗ ಅದರ ಕ್ವಾರ್ಟರ್‌ಬ್ಯಾಕ್ ಆಗಿದ್ದವರು ಟ್ರೆವರ್ ಹ್ಯಾರಿಸ್. 2021ರ ಅಕ್ಟೋಬರಿನಲ್ಲಿ ಎಡ್ಮಂಟನ್ ಬಿಟ್ಟುಕೊಟ್ಟವರು ಅವರು. ಮೂರು ವರ್ಷ, ಮೂರು ಬೇರೆ ಬೇರೆ ತಂಡಗಳು, ಮೂವರೂ ಎಡ್ಮಂಟನ್ನಿನಿಂದ ಹೊರಬಿದ್ದವರು. ಒಂದು ಸಲವಾದರೆ ಆಕಸ್ಮಿಕವೆನ್ನಬಹುದು. ಮೂರು ಸಲವೂ ಆಕಸ್ಮಿಕವೆಂದರೆ ಅದು ವಿಚಾರದಿಂದ ತಪ್ಪಿಸಿಕೊಳ್ಳುವ ಉಪಾಯವಷ್ಟೆ. ಇಂದು ಅಭಿಮಾನಿಗಳ ಚರ್ಚೆಗೆ ಗುರಿಯಾಗಿರುವ ಫಹಾರ್ಡೊ ಅವರು ಕೂಡ 2023ರ ಆ ಫೈನಲ್ಲಿನ ಅತ್ಯುತ್ತಮ ಆಟಗಾರರೇ ಎಂಬುದನ್ನು ಇದರೊಡನೆ ನೆನೆಯಬೇಕು. ಯೋಗ್ಯತೆಯುಳ್ಳವರು ಆ ಮನೆಗೆ ಬರುತ್ತಲೇ ಇದ್ದಾರೆ. ಅಲ್ಲಿ ಆ ಯೋಗ್ಯತೆ ಫಲಿಸುವಷ್ಟು ಕಾಲ ಯಾರನ್ನೂ ಇರಗೊಡುತ್ತಿಲ್ಲ.

ಹಾಗಾದರೆ ಎಷ್ಟು ಕಾಲ ಎಂಬ ಪ್ರಶ್ನೆಗೆ ವಿನ್ನಿಪೆಗ್ಗಿನ ದೃಷ್ಟಾಂತವು ಉತ್ತರ ಕೊಡುತ್ತದೆ. 1990ರಿಂದ ಗ್ರೇ ಕಪ್ ಕಾಣದಿದ್ದ ಆ ನಗರವೂ ಇದೇ ವ್ಯಾಧಿಯಿಂದ ನರಳಿದ್ದು. 2008ರಿಂದ 2013ರೊಳಗೆ ಡಗ್ ಬೆರಿ, ಮೈಕ್ ಕೆಲಿ, ಪಾಲ್ ಲಪೊಲೀಸ್, ಟಿಮ್ ಬರ್ಕ್ ಎಂಬ ನಾಲ್ವರು ತರಬೇತುದಾರರನ್ನು ಅದು ಬದಲಾಯಿಸಿತ್ತು. 2013ರ ಡಿಸೆಂಬರಿನಲ್ಲಿ ಓಶೇ ಬಂದರು. ಮೊದಲನೆಯ ವರ್ಷ 7-11. ಎರಡನೆಯ ವರ್ಷ, ಸುಧಾರಿಸುವ ಬದಲು ಕುಸಿದು, 5-13. ಮೂರನೆಯ ವರ್ಷದ ಆರಂಭ 1-4. ಮೊದಲ 41 ಪಂದ್ಯಗಳಲ್ಲಿ ಗೆಲವು 13, ಸೋಲು 28. ಅವರನ್ನು ಕಿತ್ತುಹಾಕಬೇಕೆಂಬ ಕೂಗು ಅಂದು ವಿನ್ನಿಪೆಗ್ಗಿನಲ್ಲಿ ಎಷ್ಟು ಜೋರಾಗಿತ್ತೋ, ಇಂದು ಎಡ್ಮಂಟನ್ನಿನಲ್ಲಿ ಎದ್ದಿರುವುದು ಅದರ ಅರ್ಧದಷ್ಟೂ ಇಲ್ಲ. ಕೂಗಿಗೆ ಸಂಸ್ಥೆಯು ಮಣಿಯಲಿಲ್ಲ. ಕ್ವಾರ್ಟರ್‌ಬ್ಯಾಕ್ ಸ್ಥಾನದಲ್ಲಿ ಡ್ರೂ ವಿಲ್ಲಿಯವರ ಬದಲು ಮ್ಯಾಟ್ ನಿಕೋಲ್ಸ್ ನಿಂತರು. ಉಳಿದ 13 ಪಂದ್ಯಗಳಲ್ಲಿ 10 ಗೆದ್ದು ತಂಡವು 11-7ಕ್ಕೆ ಬಂದು ನಿಂತಿತು.

ಆ ವರ್ಷದ ಕೊನೆಯ ಪಂದ್ಯದ ಕೊನೆಯ ಕ್ಷಣಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪಶ್ಚಿಮ ವಿಭಾಗದ ಸೆಮಿಫೈನಲ್. ಬ್ರಿಟಿಷ್ ಕೊಲಂಬಿಯಾ ಲಯನ್ಸ್ 32, ವಿನ್ನಿಪೆಗ್ 31. ಉಳಿದಿರುವುದು ಒಂದು ಡೌನ್ (ಚೆಂಡನ್ನು ಮುಂದೊಯ್ಯುವ ಒಂದು ಯತ್ನ), ಕೆಲವೇ ಸೆಕೆಂಡುಗಳು. ಚೆಂಡನ್ನು ಮುಂದೊಯ್ಯಲು ಯತ್ನಿಸುವುದನ್ನು ಬಿಟ್ಟು, ಓಶೇ ಅವರು ಜಸ್ಟಿನ್ ಮೆಡ್ಲಾಕರನ್ನು 61 ಗಜಗಳ ಫೀಲ್ಡ್ ಗೋಲಿಗೆ ಕಳುಹಿಸಿದರು. ಅಂದಿನವರೆಗೆ ಇಡೀ ಲೀಗಿನ ಇತಿಹಾಸದ ಅತಿ ದೀರ್ಘ ಗೋಲೇ 62 ಗಜಗಳದ್ದಾಗಿತ್ತು. ಚೆಂಡು ಗುರಿ ಮುಟ್ಟುವ ಮೊದಲೇ ಬಿತ್ತು, ಋತು ಮುಗಿಯಿತು. ಅಭಿಮಾನಿಗಳು ಆ ನಿರ್ಣಯವನ್ನು ಕ್ಷಮಿಸಲಿಲ್ಲ, ಕ್ಷಮಿಸಬೇಕಾಗಿಯೂ ಇರಲಿಲ್ಲ. ಅದು ಕೆಟ್ಟ ನಿರ್ಣಯವೇ ಆಗಿತ್ತು. ಆದರೆ ಒಂದು ಕೆಟ್ಟ ನಿರ್ಣಯಕ್ಕೂ ಒಂದು ಕೆಟ್ಟ ವ್ಯವಸ್ಥೆಗೂ ಇರುವ ಅಂತರವನ್ನು ವಿನ್ನಿಪೆಗ್ಗಿನ ಆಡಳಿತವು ಬಲ್ಲುದಾಗಿತ್ತು. ಅದರ ಫಲವಾಗಿ 2019ರಲ್ಲಿ, 2021ರಲ್ಲಿ ಗ್ರೇ ಕಪ್ ಬಂತು; 2019ರಿಂದ 2024ರೊಳಗೆ ಆಡಲ್ಪಟ್ಟ ಐದು ಫೈನಲ್‌ಗಳಲ್ಲಿ ಐದಕ್ಕೂ ಆ ತಂಡ ಹಾಜರಿತ್ತು. 2019ರ ಕಪ್ಪನ್ನು ಗೆದ್ದ ಕ್ವಾರ್ಟರ್‌ಬ್ಯಾಕ್ ಜ್ಯಾಕ್ ಕೊಲಾರೋಸ್ ಆ ವರ್ಷವೇ ಸಸ್ಕಾಚೆವನ್, ಟೊರಾಂಟೊಗಳನ್ನು ದಾಟಿ ಅಕ್ಟೋಬರಿನಲ್ಲಿ ಬಂದಿಳಿದವರು. ಗಟ್ಟಿಯಾದ ಮನೆಗೆ ಬಂದವನು ಕೆಲವು ವಾರಗಳಲ್ಲಿ ಕಪ್ ಗೆಲ್ಲಬಲ್ಲನೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕೆ? ಫೋರ್ಡ್ ಅಥವಾ ಫಹಾರ್ಡೊ ಎಂಬ ವಾದದಲ್ಲಿ ವರ್ಷಗಟ್ಟಲೆ ಮುಳುಗಿರುವವರು ಇದನ್ನು ಮೊದಲು ಯೋಚಿಸಲಿ.

ಇಲ್ಲಿ ಒಂದು ಬಲವಾದ ಆಕ್ಷೇಪವುಂಟು. ಅದನ್ನು ಮರೆಮಾಚುವುದು ಸಲ್ಲದು. ಕ್ರಿಸ್ ಜೋನ್ಸ್ ಅವರಿಗೆ ಎಡ್ಮಂಟನ್ ತಾಳ್ಮೆಯನ್ನು ತೋರಿಸಲಿಲ್ಲವೆ? 2022, 2023ರ ಎರಡು ಪೂರ್ಣ ಋತುಗಳೂ 2024ರ ಮೊದಲ ಐದು ಪಂದ್ಯಗಳೂ ಸೇರಿ ಅವರಿಗೂ ದೊರೆತದ್ದು 41 ಪಂದ್ಯಗಳೇ. ಓಶೇ ಅವರ 13-28ಕ್ಕೆ ಪ್ರತಿಯಾಗಿ ಅವರ ಲೆಕ್ಕ 8-33. ಸಂಖ್ಯೆಗಳ ಅಂತರವು ಅಷ್ಟೇನೂ ಇಲ್ಲದಿರಲು, ಒಂದನ್ನು ಸ್ಥೈರ್ಯವೆಂದು ಹೊಗಳಿ ಇನ್ನೊಂದನ್ನು ಹಟವೆಂದು ಹಳಿಯುವುದು ಹೇಗೆ? ಅಂತರವಿರುವುದು ಅಧಿಕಾರದ ರಚನೆಯಲ್ಲಿ. ವಿನ್ನಿಪೆಗ್ಗಿನಲ್ಲಿ ಅಧ್ಯಕ್ಷರು ವೇಡ್ ಮಿಲ್ಲರ್, ಜನರಲ್ ಮ್ಯಾನೇಜರ್ ಕೈಲ್ ವಾಲ್ಟರ್ಸ್, ತರಬೇತುದಾರ ಓಶೇ; ಮೂವರು ಬೇರೆ ಬೇರೆ ವ್ಯಕ್ತಿಗಳು, ಒಬ್ಬರ ನಿರ್ಣಯವನ್ನು ಇನ್ನೊಬ್ಬರು ಪ್ರಶ್ನಿಸಬಲ್ಲವರು, 2025ರಲ್ಲಿಯೂ ಅವವೇ ಸ್ಥಾನಗಳಲ್ಲಿದ್ದವರು. ಎಡ್ಮಂಟನ್ನಿನಲ್ಲಿಯಾದರೋ ಆಟಗಾರರನ್ನು ಆರಿಸುವವರೂ ಆಡಿಸುವವರೂ ಜೋನ್ಸ್ ಒಬ್ಬರೇ. ತಮ್ಮ ಆಯ್ಕೆ ತಪ್ಪೆಂದು ತಮಗೆ ತಾವೇ ಹೇಳಿಕೊಳ್ಳಬೇಕಾದ ಸ್ಥಿತಿ ಅವರದು. ಅಲ್ಲಿ ಉಳಿದದ್ದು ಮನುಷ್ಯ ಮಾತ್ರ. ಆಟಗಾರರು ಬರುತ್ತ ಹೋಗುತ್ತ ಇದ್ದರು. ಇದನ್ನು ಸ್ಥಿರತೆಯೆನ್ನಲಾಗದು.

ಜೋನ್ಸ್ ಹೋದೊಡನೆ ತಂಡ ಚೇತರಿಸಿಕೊಂಡಿತಲ್ಲವೆ ಎಂದೂ ಕೇಳುತ್ತಾರೆ. ನಿಜ, 0-5ರಲ್ಲಿದ್ದ ತಂಡವನ್ನು ಜ್ಯಾಕ್ಸನ್ ಅವರು ಉಳಿದ 13 ಪಂದ್ಯಗಳಲ್ಲಿ 7-6ಕ್ಕೆ ತಂದರು. ಹಾಗೆ ತಂದವರಿಗಾದರೂ ಆ ಪದವಿ ಉಳಿಯಿತೆ? ಇಲ್ಲ. ಮಾಂಟ್ರಿಯಲ್ ಮಾಸ್ ಅವರ ಮೊದಲನೆಯ ವರ್ಷದಲ್ಲಿಯೇ, ಸಸ್ಕಾಚೆವನ್ ಕೋರಿ ಮೇಸ್ ಅವರ ಎರಡನೆಯ ವರ್ಷದಲ್ಲಿಯೇ ಗೆಲ್ಲಲಿಲ್ಲವೆ ಎಂಬುದು ಮತ್ತೊಂದು ಪ್ರಶ್ನೆ. ಆ ಎರಡು ತಂಡಗಳಲ್ಲಿಯೂ ಬದಲಾದವರು ತರಬೇತುದಾರರು, ಜನರಲ್ ಮ್ಯಾನೇಜರರಲ್ಲ. ಮಾಂಟ್ರಿಯಲ್ಲಿನಲ್ಲಿ 2020ರಿಂದ ಡ್ಯಾನಿ ಮಚೋಚಾ, ಸಸ್ಕಾಚೆವನ್ನಿನಲ್ಲಿ 2019ರಿಂದ ಜೆರೆಮಿ ಓಡೇ, ಜನರಲ್ ಮ್ಯಾನೇಜರರಾಗಿ ಕದಲದೆ ಇದ್ದರು. ಅಡಿಪಾಯವನ್ನು ಉಳಿಸಿಕೊಂಡು ತೊಲೆಯನ್ನು ಬದಲಾಯಿಸುವುದು ಬೇರೆ, ಅಡಿಪಾಯವನ್ನೇ ಅಗೆದು ಹಾಕುವುದು ಬೇರೆ.

ಈ ಲೀಗಿನಲ್ಲಿ ಸ್ಥಿರತೆಗೆ ಇಷ್ಟು ಬೆಲೆ ಬಂದಿರುವುದಕ್ಕೆ ಕಾರಣವು ಅದರ ನಿಯಮದಲ್ಲಿಯೇ ಇದೆ. ಆರಂಭಿಕ ಆಟಗಾರರಲ್ಲಿ ಒಂದು ನಿಶ್ಚಿತ ಸಂಖ್ಯೆಯವರು ಕೆನಡಾದವರೇ ಆಗಿರಬೇಕು. ಅಮೆರಿಕದ ಆಟಗಾರರನ್ನು ಪ್ರತಿವರ್ಷ ಹೊಸದಾಗಿ ತರಬಹುದು. ಕೆನಡಾದ ವಿಶ್ವವಿದ್ಯಾಲಯಗಳಿಂದ ಬರುವ ತರುಣನನ್ನು ಮೂರು ನಾಲ್ಕು ವರ್ಷ ಸಾಕಿ ಬೆಳೆಸಬೇಕಾಗುತ್ತದೆ. ವಿನ್ನಿಪೆಗ್ಗಿನವರೇ ಆದ ಬ್ರೇಡಿ ಒಲಿವೇರಾ ಹೊಸ ಆಟಗಾರರನ್ನು ತಂಡಗಳು ಆರಿಸಿಕೊಳ್ಳುವ 2019ರ ಡ್ರಾಫ್ಟಿನ ಎರಡನೆಯ ಸುತ್ತಿನಲ್ಲಿ ಆಯ್ಕೆಯಾಗಿ, ಮೊದಲ ಋತುವಿನಲ್ಲಿಯೇ ಕಾಲು ಮುರಿದುಕೊಂಡು, ಆಂಡ್ರೂ ಹ್ಯಾರಿಸ್ ಅವರ ನೆರಳಿನಲ್ಲಿ ಕಾದು, ಐದು ವರ್ಷಗಳ ಮೇಲೆ 2024ರಲ್ಲಿ ಲೀಗಿನ ಅತ್ಯುತ್ತಮ ಆಟಗಾರರಾದರು. ಅವರನ್ನು ಆರಿಸಿದವರೇ ಅವರು ಮಾಗುವವರೆಗೂ ಅಧಿಕಾರದಲ್ಲಿದ್ದರು. ಟ್ರೇ ಫೋರ್ಡ್ ಅವರನ್ನು ನೋಡಿ: ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಆಡುತ್ತಿದ್ದಾಗ ದೇಶದ ಅತ್ಯುತ್ತಮ ವಿಶ್ವವಿದ್ಯಾಲಯ ಆಟಗಾರರೆಂದು ಹೆಕ್ ಕ್ರೈಟನ್ ಟ್ರೋಫಿ ಪಡೆದವರು, ತವರಿನ 22 ಸೋಲುಗಳ ಸರಪಣಿಯನ್ನು ಮುರಿದ ದಿನ ತಂಡವನ್ನು ನಡೆಸಿದವರು. 2022ರಿಂದ 2025ರವರೆಗಿನ ನಾಲ್ಕು ಋತುಗಳಲ್ಲಿ ಅವರು ಮೂವರು ಮುಖ್ಯ ತರಬೇತುದಾರರನ್ನು ಕಂಡರು; ಒಮ್ಮೆ ಆಡಿಸಿದರು, ಒಮ್ಮೆ ಕೂರಿಸಿದರು, ಮತ್ತೆ ಆಡಿಸಿ ಮತ್ತೆ ಕೂರಿಸಿದರು. ಆತನ ಸಾಮರ್ಥ್ಯವೆಷ್ಟೆಂದು ಯಾರಿಗೂ ನಿರ್ಣಯಿಸಲಾಗದಿರುವುದರ ಹೊಣೆಯನ್ನು ಆತನ ಮೇಲೆಯೇ ಹೊರಿಸುವುದು ಅನ್ಯಾಯ.

ಆದುದರಿಂದ ಎಡ್ಮಂಟನ್ನಿನ ಅಭಿಮಾನಿಗಳು ಕೇಳಬೇಕಾದದ್ದು ಇಷ್ಟು: ಜನರಲ್ ಮ್ಯಾನೇಜರ್ ಎಡ್ ಹರ್ವಿಯವರಿಗೂ ಕಿಲಮ್ ಅವರಿಗೂ ಮೂರು ಪೂರ್ಣ ಋತುಗಳು ದೊರೆಯಬೇಕು, ಎರಡು ಹುದ್ದೆಗಳು ಎಂದೆಂದಿಗೂ ಒಬ್ಬರ ಕೈಗೆ ಸೇರಕೂಡದು, ಡ್ರಾಫ್ಟಿನಲ್ಲಿ ಆರಿಸಿದ ಕೆನಡಾದ ತರುಣರಲ್ಲಿ ಎಷ್ಟು ಮಂದಿ ನಾಲ್ಕನೆಯ ವರ್ಷದಲ್ಲಿಯೂ ತಂಡದಲ್ಲಿದ್ದಾರೆಂದು ಪ್ರತಿವರ್ಷ ಆಡಳಿತವನ್ನು ಬಹಿರಂಗವಾಗಿ ಪ್ರಶ್ನಿಸಬೇಕು. ಸಮುದಾಯದ ಒಡೆತನ ತಪ್ಪಿದೆ. ಮಾಲೀಕನೊಬ್ಬನ ಮೇಲೆ ಒತ್ತಡ ತರಲು ಅಭಿಮಾನಿಗಳಿಗೆ ಈಗ ಉಳಿದಿರುವುದು ಕೂಗು, ಟಿಕೆಟ್ಟು ಎರಡೇ. ಆ ಕೂಗನ್ನು ಇನ್ನೊಂದು ತಲೆಯನ್ನು ಉರುಳಿಸುವುದಕ್ಕೆ ವ್ಯಯಿಸಿದರೆ ಏಳನೆಯ ತರಬೇತುದಾರರು ಬಂದಾರು, ಆಟಗಾರರ ಪಟ್ಟಿ ಮತ್ತೊಮ್ಮೆ ಮೊದಲಿನಿಂದ ಬರೆಯಲ್ಪಟ್ಟೀತು. ಕಿಲಮ್ ಅವರ ಮೊದಲನೆಯ ವರ್ಷದ ಲೆಕ್ಕವು 7-11. ಓಶೇ ಅವರ ಮೊದಲನೆಯ ವರ್ಷದ ಲೆಕ್ಕವೂ ಅಕ್ಷರಶಃ ಅದೇ. ಎರಡನೆಯ ವರ್ಷ ಅದು 5-13ಕ್ಕೆ ಇಳಿದರೂ ಇಳಿಯಬಹುದು. ಹಾಗಾದ ದಿನವೂ ಎಡ್ಮಂಟನ್ ಅವರನ್ನು ಉಳಿಸಿಕೊಳ್ಳಬೇಕೆಂದೇ ನಾನು ಹೇಳುವೆನು.