ಆಟದ ಸಾಮಾನಿಗೆ ಎಷ್ಟು ಹಣ ತೆಗೆದಿಡಬೇಕು?

2026ರ ಜನವರಿ ತಿಂಗಳಿನಲ್ಲಿ ನಮ್ಮ ಪುಣೆ ಜಿಲ್ಲೆಯ ರಸ್ತೆಗಳು ಹಿಂದೆಂದೂ ಕಾಣದ ದೃಶ್ಯವೊಂದಕ್ಕೆ ಸಾಕ್ಷಿಯಾದವು. 19ರಿಂದ 23ರವರೆಗೆ ನಡೆದ ಪುಣೆ ಗ್ರ್ಯಾಂಡ್ ಟೂರ್ ಎಂಬ ಅಂತಾರಾಷ್ಟ್ರೀಯ ಸೈಕಲ್ ಸ್ಪರ್ಧೆಯಲ್ಲಿ ಹೊರದೇಶಗಳ ಸವಾರರು 437 ಕಿಲೋಮೀಟರುಗಳಷ್ಟು ದೂರವನ್ನು ಕ್ರಮಿಸಿದರು. ರಸ್ತೆಯ ಇಕ್ಕೆಲಗಳಲ್ಲಿ ನಿಂತು ಚಪ್ಪಾಳೆ ತಟ್ಟಿದವರಲ್ಲಿ ನಮ್ಮ ಅನೇಕ ಕನ್ನಡ ಕುಟುಂಬಗಳೂ ಇದ್ದವು.

ಅದೇ ದಿನಗಳಲ್ಲಿ, ಇಲ್ಲಿಂದ ಸುಮಾರು 120 ಕಿಲೋಮೀಟರು ದೂರದ ಪನ್ವೇಲ್ ರೈಲು ನಿಲ್ದಾಣದಿಂದ ಬೇರೊಂದು ಸುದ್ದಿ ಬಂದಿತು. ನಮ್ಮ ಮೂಡುಬಿದಿರೆಯಲ್ಲಿ ನಡೆದ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಕೂಟವನ್ನು ಮುಗಿಸಿಕೊಂಡು ಭೋಪಾಲಕ್ಕೆ ಮರಳುತ್ತಿದ್ದ ಪೋಲ್‌ವಾಲ್ಟ್ ಪಟುಗಳಾದ ದೇವ್ ಮೀನಾ ಮತ್ತು ಕುಲದೀಪ್ ಯಾದವ್ ಅವರನ್ನು, ಅವರ ಉದ್ದನೆಯ ಕೋಲುಗಳ ಕಾರಣದಿಂದ ರೈಲಿನಿಂದ ಇಳಿಸಲಾಯಿತು. ಗಂಟೆಗಟ್ಟಲೆ ಅವರು ಪ್ಲಾಟ್‌ಫಾರಂ ಮೇಲೆಯೇ ಉಳಿಯಬೇಕಾಯಿತು. ಈ ದೇವ್ ಮೀನಾ 2025ರ ಫೆಬ್ರವರಿಯಲ್ಲಿ ಡೆಹ್ರಾಡೂನಿನ ರಾಷ್ಟ್ರೀಯ ಕ್ರೀಡಾಕೂಟದಲ್ಲಿ 5.32 ಮೀಟರು ಎತ್ತರ ಜಿಗಿದು ರಾಷ್ಟ್ರೀಯ ದಾಖಲೆಯನ್ನು ಸ್ಥಾಪಿಸಿದ ತರುಣ. ದಾಖಲೆ ಬರೆದವನ ಗತಿಯೇ ಹೀಗಾದರೆ, ಇನ್ನೂ ಹೆಸರು ಗಳಿಸದ ಮಕ್ಕಳ ಪಾಡೇನು?

ಐದು ಮೀಟರು ಉದ್ದದ ಕೋಲು ಸಾಮಾನ್ಯ ಪ್ರಯಾಣಿಕ ವಿಮಾನದ ಲಗೇಜು ಕೋಣೆಗೆ ಹೊಂದುವುದು ಕಷ್ಟ. ಆದರೆ ಸೈಕಲ್ಲು, ಹಾಕಿ ಗೋಲ್‌ಕೀಪರನ ಕವಚಗಳ ಗಂಟು, ಕ್ರಿಕೆಟ್ ಕಿಟ್ಟು ಇವೆಲ್ಲ ವಿಮಾನದಲ್ಲಿ ಹೋಗುವಂಥವೇ. ದೂರದ ಊರಿನ ಸ್ಪರ್ಧೆಗೆ ರೈಲಿನಲ್ಲಿ ಎರಡು ಮೂರು ದಿನ ಕಳೆದರೆ ಮಗುವಿನ ಪರೀಕ್ಷೆ ತಪ್ಪುತ್ತದೆ, ಮೈಯೂ ದಣಿಯುತ್ತದೆ. ಹೀಗಾಗಿ ಮಧ್ಯಮ ವರ್ಗದ ತಂದೆತಾಯಿಗಳೂ ಈಗ ವಿಮಾನದ ಟಿಕೆಟ್ಟನ್ನು ಕೊಳ್ಳುತ್ತಿದ್ದಾರೆ. ಟಿಕೆಟ್ಟಿನ ದರ ಮುಂಚೆಯೇ ತಿಳಿಯುತ್ತದೆ. ಆಟದ ಸಾಮಾನಿನ ದರ ಮಾತ್ರ ಕೌಂಟರಿನ ಮುಂದೆ ನಿಂತಾಗಲೇ ತಿಳಿಯುತ್ತದೆ. ನಾನು ಹೇಳಹೊರಟಿರುವ ವಿಷಯ ಇದೇ.

ನಾನು ಚಾಕಣದ ಬ್ಯಾಂಕ್ ಶಾಖೆಯೊಂದರಲ್ಲಿ ಕೆಲಸ ಮಾಡುವವನು. ಇಲ್ಲಿನ ಕೈಗಾರಿಕಾ ಪ್ರದೇಶದ ವಾಹನ ಕಾರ್ಖಾನೆಗಳಲ್ಲಿ ದುಡಿಯುತ್ತಿರುವ ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯ ಹಲವು ಕುಟುಂಬಗಳು ನಮ್ಮ ಗ್ರಾಹಕರು. ಅವರಲ್ಲೊಬ್ಬರು ಜಮಖಂಡಿ ಕಡೆಯವರು; ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರು. ವಿಜಯಪುರ, ಬಾಗಲಕೋಟೆಯ ಸೀಮೆ ಸೈಕಲ್ ಪಟುಗಳಿಗೆ ಹೆಸರಾದುದೆಂಬುದನ್ನು ಓದುಗರು ಬಲ್ಲರು. ಇವರ ಹದಿನಾರು ವರ್ಷದ ಮಗಳಿಗೂ ಆ ಹುಚ್ಚು ಹತ್ತಿದೆ. ಬೆಳಿಗ್ಗೆ ಐದಕ್ಕೆ, ಚಾಕಣದ ಲಾರಿಗಳ ಸಾಲು ಮೊದಲಾಗುವ ಮುನ್ನ, ಆಕೆಯ ಅಭ್ಯಾಸ ಮುಗಿದಿರುತ್ತದೆ.

ಕಳೆದ ವರ್ಷ ಆಕೆ ಈಶಾನ್ಯ ಭಾರತದ ನಗರವೊಂದರಲ್ಲಿ ನಡೆದ ಸ್ಪರ್ಧೆಗೆ ತರಬೇತುದಾರರೊಂದಿಗೆ ವಿಮಾನದಲ್ಲಿ ಹೊರಟಳು. ಸೈಕಲ್ಲಿನ ಪೆಟ್ಟಿಗೆ 21 ಕಿಲೋ, ಬಟ್ಟೆಯ ಚೀಲ 10 ಕಿಲೋ. ಉಚಿತ ಮಿತಿ 15 ಕಿಲೋ. ಲೋಹಗಾಂವ್ ನಿಲ್ದಾಣದಲ್ಲಿ ಉಳಿದ 16 ಕಿಲೋಗಳಿಗೆ ಕಿಲೋ ಒಂದಕ್ಕೆ 600 ರೂಪಾಯಿಯಂತೆ 9,600 ರೂಪಾಯಿ ಕೇಳಲಾಯಿತು. ಟಿಕೆಟ್ಟಿನ ಬೆಲೆಯೇ ಅಷ್ಟಿರಲಿಲ್ಲ! ಬೀಳ್ಕೊಡಲು ಬಂದಿದ್ದ ತಂದೆ ತರಬೇತುದಾರರಿಂದ ಕೈಗಡ ಪಡೆದು ತೆತ್ತರು. ಮರಳಿ ಬರುವಾಗ ಅದೇ ವಿಮಾನ ಸಂಸ್ಥೆ, ಅದೇ ಪೆಟ್ಟಿಗೆ, ಅದೇ ತೂಕ. ಆದರೆ ಅಲ್ಲಿನ ಸಿಬ್ಬಂದಿ ಅದನ್ನು ‘ಕ್ರೀಡಾ ಸಾಮಗ್ರಿ’ ಎಂದು ಬರೆದುಕೊಂಡು 2,500 ರೂಪಾಯಿ ಮಾತ್ರ ಪಡೆದರು. ಯಾವುದು ಸರಿ ಎಂದು ಕೇಳಿದರೆ ಎರಡೂ ಕಡೆ ಉತ್ತರ ಒಂದೇ: “ನಿಯಮದ ಪ್ರಕಾರ.”

ಹಾಗಾದರೆ ನಿಯಮವೇನು ಹೇಳುತ್ತದೆ? ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು (ಡಿಜಿಸಿಎ) 2015ರಲ್ಲಿ ಹೊರಡಿಸಿದ ಸುತ್ತೋಲೆಯು ಕೆಲವು ಸೇವೆಗಳನ್ನು ಮೂಲ ಪ್ರಯಾಣ ದರದಿಂದ ಬೇರ್ಪಡಿಸಿ, ಪ್ರತ್ಯೇಕ ಶುಲ್ಕ ಪಡೆಯಲು ವಿಮಾನ ಸಂಸ್ಥೆಗಳಿಗೆ ಅನುಮತಿ ನೀಡಿತು. ಇಷ್ಟದ ಆಸನ, ಊಟ ಉಪಾಹಾರ, ಲಗೇಜು, ಸಂಗೀತ ವಾದ್ಯ ಇವುಗಳ ಜೊತೆಗೆ ಕ್ರೀಡಾ ಸಾಮಗ್ರಿಯೂ ಆ ಪಟ್ಟಿಯಲ್ಲಿದೆ. ಪ್ರಯಾಣಿಕನು ತಾನಾಗಿ ಆಯ್ದುಕೊಂಡರೆ ಮಾತ್ರ ಇಂಥ ಸೇವೆಗೆ ಹಣ ಪಡೆಯಬೇಕೆಂಬುದು ಅದರ ತತ್ತ್ವ.

ತತ್ತ್ವವೇನೋ ಚೆನ್ನಾಗಿದೆ. ಊಟ ಬೇಡವೆಂದರೆ ಮನೆಯಿಂದ ಚಪಾತಿ ಕಟ್ಟಿಕೊಂಡು ಹೋಗಬಹುದು. ಸೈಕಲ್ ಪಟುವಿಗೆ ಸೈಕಲ್ಲು ಬೇಡವೆನ್ನಲು ಸಾಧ್ಯವೇ? ಇನ್ನೂ ಒಂದು ಸಂಗತಿಯಿದೆ. ಭದ್ರತಾ ನಿಯಮಗಳ ಪ್ರಕಾರ ಕ್ರಿಕೆಟ್ ಬ್ಯಾಟು, ಹಾಕಿ ಕೋಲು, ಗಾಲ್ಫ್ ಕೋಲುಗಳನ್ನು ಕೈಚೀಲದೊಂದಿಗೆ ಒಳಗೆ ಒಯ್ಯುವಂತಿಲ್ಲ. ಅಂದರೆ ಅವನ್ನು ಲಗೇಜಿಗೆ ಹಾಕಲೇಬೇಕೆಂದು ಸರಕಾರದ ಒಂದು ನಿಯಮ ಕಟ್ಟುಮಾಡುತ್ತದೆ. ಲಗೇಜಿಗೆ ಹಾಕಿದ್ದಕ್ಕೆ ಹಣ ತೆರಬೇಕೆಂದು ಇನ್ನೊಂದು ನಿಯಮ ಅವಕಾಶ ಕೊಡುತ್ತದೆ. ಇಲ್ಲಿ ಆಯ್ಕೆಯೆಂಬುದು ಹೆಸರಿಗೆ ಮಾತ್ರ.

ದರಕ್ಕೆ ಕಡಿವಾಣ ಹಾಕುವ ಪ್ರಯತ್ನವೂ ಒಮ್ಮೆ ನಡೆಯಿತು. 15ರಿಂದ 20 ಕಿಲೋವರೆಗಿನ ಹೆಚ್ಚುವರಿ ತೂಕಕ್ಕೆ ಕಿಲೋಗೆ 100 ರೂಪಾಯಿಗಿಂತ ಹೆಚ್ಚು ಪಡೆಯಬಾರದೆಂದು ಡಿಜಿಸಿಎ 2016ರಲ್ಲಿ ಆದೇಶಿಸಿತು. ವಿಮಾನ ಸಂಸ್ಥೆಗಳು ನ್ಯಾಯಾಲಯಕ್ಕೆ ಹೋದವು. 2017ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಆ ಆದೇಶವನ್ನು ರದ್ದುಪಡಿಸಿತು. ಸರಕಾರಿ ಒಡೆತನದ ಕಾಲದಲ್ಲಿ ಲಗೇಜಿನ ಬಗ್ಗೆ ಉದಾರವಾಗಿದ್ದ ಏರ್ ಇಂಡಿಯಾ ಕೂಡ, ಖಾಸಗಿಯವರ ಕೈಸೇರಿದ ಮೇಲೆ, 2024ರ ಮೇ ತಿಂಗಳಿನಿಂದ ದೇಶದೊಳಗಿನ ಅಗ್ಗದ ಟಿಕೆಟ್ಟುಗಳಿಗೆ 15 ಕಿಲೋ ಮಿತಿಯನ್ನೇ ತಂದಿತು.

ವಿಮಾನ ಸಂಸ್ಥೆಗಳ ಪಕ್ಷವನ್ನೂ ನಾವು ಕೇಳಬೇಕು. ವಿಮಾನದ ಹೊಟ್ಟೆ ಗೋದಾಮಲ್ಲ. ಹೊತ್ತ ಪ್ರತಿ ಕಿಲೋಗೂ ಇಂಧನ ಬೇಕು. ಸೈಕಲ್ಲಿನ ಪೆಟ್ಟಿಗೆ ತೂಕಕ್ಕಿಂತ ಜಾಗವನ್ನು ಹೆಚ್ಚು ನುಂಗುತ್ತದೆ. ಸರಕು ಸಾಗಣೆಯಲ್ಲಿ ಸಾಮಾನ್ಯವಾಗಿ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6,000ದಿಂದ ಭಾಗಿಸಿ ಗಾತ್ರದ ತೂಕವನ್ನು ಕಂಡುಹಿಡಿಯುತ್ತಾರೆ. 140, 80, 30 ಸೆಂಟಿಮೀಟರಿನ ಪೆಟ್ಟಿಗೆ ಈ ಲೆಕ್ಕದಲ್ಲಿ 56 ಕಿಲೋ ಆಗುತ್ತದೆ, ತಕ್ಕಡಿಯಲ್ಲಿ ಅದು 21 ಕಿಲೋ ತೂಗಿದರೂ! ಆದ್ದರಿಂದ ಶುಲ್ಕವೇ ಕೂಡದೆಂದು ವಾದಿಸುವುದು ನ್ಯಾಯವಲ್ಲ.

ನನ್ನ ಆಕ್ಷೇಪ ಶುಲ್ಕದ ಬಗ್ಗೆ ಅಲ್ಲ, ಅದರ ಅನಿಶ್ಚಿತತೆಯ ಬಗ್ಗೆ. ನಮ್ಮ ಬ್ಯಾಂಕುಗಳೂ ಶುಲ್ಕ ವಿಧಿಸುತ್ತವೆ. ಅದಕ್ಕಾಗಿ ಗ್ರಾಹಕರಿಂದ ನಾವು ಬೈಸಿಕೊಳ್ಳುವುದೂ ಉಂಟು. ಆದರೆ ಸೇವಾ ಶುಲ್ಕಗಳ ವಿವರವನ್ನು ಶಾಖೆಯಲ್ಲಿಯೂ ಅಂತರ್ಜಾಲ ತಾಣದಲ್ಲಿಯೂ ಪ್ರಕಟಿಸಬೇಕೆಂದು ರಿಸರ್ವ್ ಬ್ಯಾಂಕ್ ನಮಗೆ ವಿಧಿಸಿದೆ. ಒಂದೇ ಸೇವೆಗೆ ಚಾಕಣದ ಶಾಖೆಯಲ್ಲಿ ಒಂದು ದರ, ಆಳಂದಿಯ ಶಾಖೆಯಲ್ಲಿ ಗುಮಾಸ್ತನ ಮನಸ್ಸಿಗೆ ಬಂದಂತೆ ಇನ್ನೊಂದು ದರ ಎಂದರೆ ಯಾರಾದರೂ ಸಹಿಸುತ್ತಾರೆಯೇ? ವಿಮಾನ ಸಂಸ್ಥೆಗಳ ತಾಣಗಳಲ್ಲಿಯೂ ಪಟ್ಟಿಗಳಿವೆ, ನಿಜ. ಆದರೆ ‘ಜಾಗವಿದ್ದರೆ’ ಎಂಬ ಒಂದು ಷರತ್ತು ಸೇರಿಕೊಂಡಾಗ ಕೊನೆಯ ಮಾತು ಕೌಂಟರಿನವರದೇ ಆಗುತ್ತದೆ.

ಇದು ಬಗೆಹರಿಯದ ಸಮಸ್ಯೆಯೇನಲ್ಲ. ಅಮೆರಿಕದಲ್ಲಿ ಅಮೆರಿಕನ್ ಏರ್‌ಲೈನ್ಸ್ ಮತ್ತು ಡೆಲ್ಟಾ ಸಂಸ್ಥೆಗಳು ಸೈಕಲ್ಲಿಗೆ ಹಿಂದೆ 150 ಡಾಲರ್ ಪಡೆಯುತ್ತಿದ್ದವು. 2019ರಲ್ಲಿ ಅವೆರಡೂ ಆ ವಿಶೇಷ ಶುಲ್ಕವನ್ನು ಕೈಬಿಟ್ಟು, ತೂಕದ ಮಿತಿಯೊಳಗಿನ ಸೈಕಲ್ಲನ್ನು ಸಾಮಾನ್ಯ ಲಗೇಜಿನಂತೆಯೇ ಪರಿಗಣಿಸಲು ಆರಂಭಿಸಿದವು. ಅಲ್ಲಿರುವ ನಮ್ಮ ಮಕ್ಕಳು ಹೊರಡುವ ಮುನ್ನವೇ ಖರ್ಚನ್ನು ಲೆಕ್ಕ ಹಾಕಬಲ್ಲರು.

ನಮ್ಮಲ್ಲಿ ಅಂಥ ವ್ಯವಸ್ಥೆ ಬರುವವರೆಗೆ ತಂದೆತಾಯಿಗಳು ಕೆಲವು ಎಚ್ಚರಗಳನ್ನು ವಹಿಸುವುದು ಒಳಿತು. ಟಿಕೆಟ್ಟಿನ ಜೊತೆಯಲ್ಲಿಯೇ ಕ್ರೀಡಾ ಸಾಮಗ್ರಿಯ ಶುಲ್ಕವನ್ನೂ ಮುಂಗಡವಾಗಿ ಕಟ್ಟಿರಿ. ಪೆಟ್ಟಿಗೆಯ ಅಳತೆ, ತೂಕಗಳನ್ನು ಬರೆದು ವಿಮಾನ ಸಂಸ್ಥೆಗೆ ಇ-ಮೇಲ್ ಕಳುಹಿಸಿ, ಬಂದ ಉತ್ತರವನ್ನು ಮುದ್ರಿಸಿ ಜೊತೆಗಿಟ್ಟುಕೊಳ್ಳಿರಿ. ಕೌಂಟರಿನಲ್ಲಿ ಮಾತಿಗಿಂತ ಕಾಗದಕ್ಕೆ ಬೆಲೆ. ಒಂದೇ ಪೆಟ್ಟಿಗೆ 32 ಕಿಲೋ ಮೀರಿದರೆ ಸಾಮಾನ್ಯವಾಗಿ ಸ್ವೀಕರಿಸುವುದೇ ಇಲ್ಲ. ಪೆಡಲುಗಳನ್ನು ಬಿಚ್ಚಿ, ಟೈರಿನ ಗಾಳಿಯನ್ನು ಇಳಿಸಿರಿ.

ಎಲ್ಲಕ್ಕಿಂತ ಮುಖ್ಯವಾದುದು ಬೆಲೆಯ ಘೋಷಣೆ. ದೇಶದೊಳಗಿನ ಪ್ರಯಾಣದಲ್ಲಿ ಲಗೇಜು ಕಳೆದರೂ ಹಾಳಾದರೂ ವಿಮಾನ ಸಂಸ್ಥೆಯ ಹೊಣೆ ಪ್ರಯಾಣಿಕನೊಬ್ಬನಿಗೆ 20,000 ರೂಪಾಯಿಗೆ ಸೀಮಿತ. ಸ್ಪರ್ಧೆಯ ಸೈಕಲ್ಲಿನ ಬೆಲೆ ಲಕ್ಷವನ್ನು ದಾಟುತ್ತದೆ. ಬೆಲೆಬಾಳುವ ಸಾಮಾನಿಗೆ ವಿಶೇಷ ಘೋಷಣೆ ಮಾಡಿ ಅದರ ಶುಲ್ಕವನ್ನು ತೆರುವ ಅವಕಾಶ ಡಿಜಿಸಿಎ ಪಟ್ಟಿಯಲ್ಲಿಯೇ ಇದೆ. ಕೇಳಿ ಪಡೆಯಿರಿ, ಇಲ್ಲವೇ ಪ್ರತ್ಯೇಕ ವಿಮೆ ಮಾಡಿಸಿರಿ. ಸೈಕಲ್ಲನ್ನು ಸಾಲ ಮಾಡಿ ಕೊಂಡವರಿಗಂತೂ ಇದು ಅತ್ಯಗತ್ಯ.

ರೈಲಿನಲ್ಲಿ ಹೋಗುವವರೂ ನೆನಪಿಡಬೇಕು: ಸ್ಲೀಪರ್ ದರ್ಜೆಯಲ್ಲಿ 40 ಕಿಲೋ ಉಚಿತವಾದರೂ ಡಬ್ಬಿಯೊಳಗೆ ಒಯ್ಯುವ ಪೆಟ್ಟಿಗೆಯ ಅಳತೆಗೆ 100, 60, 25 ಸೆಂಟಿಮೀಟರುಗಳ ಮಿತಿಯಿದೆ. ಸೈಕಲ್ಲನ್ನು ಬ್ರೇಕ್ ವ್ಯಾನಿಗೆ ಮುಂಚಿತವಾಗಿ ಬುಕ್ ಮಾಡಿ ರಸೀದಿ ಪಡೆಯುವುದೇ ಕ್ಷೇಮ.

ಆದರೆ ಎಲ್ಲ ಎಚ್ಚರವನ್ನೂ ಮನೆಯವರ ಮೇಲೆಯೇ ಹೇರುವುದು ಎಷ್ಟು ಸರಿ? ನಮ್ಮ ಬೇಡಿಕೆ ದೊಡ್ಡದಲ್ಲ. ಕ್ರೀಡಾ ಸಾಮಗ್ರಿಗೆ ತೂಕದ ಲೆಕ್ಕದ ಬದಲು ಪೆಟ್ಟಿಗೆಯೊಂದಕ್ಕೆ ಒಂದು ನಿಗದಿತ ದರವಿರಲಿ. ಅದು ಟಿಕೆಟ್ ಕೊಳ್ಳುವ ಪುಟದಲ್ಲಿಯೇ ಕಾಣಲಿ. ಮುಂಗಡವಾಗಿ ಹಣ ಪಡೆದ ಮೇಲೆ ಕೌಂಟರಿನಲ್ಲಿ ಮತ್ತೊಮ್ಮೆ ಚೌಕಾಸಿ ನಡೆಯದಿರಲಿ. ಮಾನ್ಯತೆ ಪಡೆದ ಕ್ರೀಡಾ ಸಂಸ್ಥೆಯ ಪತ್ರ ತಂದ ವಿದ್ಯಾರ್ಥಿಗೆ ರಿಯಾಯಿತಿ ದೊರೆಯಲಿ. ರೈಲ್ವೆಯೂ ಉದ್ದದ ಸಾಮಗ್ರಿಗೆ ಇಂಥದೇ ಸ್ಪಷ್ಟ ವ್ಯವಸ್ಥೆಯನ್ನು ಮಾಡಲಿ. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಬಾಲೇವಾಡಿಯಲ್ಲಿ ಭವ್ಯ ಕ್ರೀಡಾ ಸಂಕೀರ್ಣವನ್ನು ಕಟ್ಟಿದ ಊರು ನಮ್ಮದು. 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ದೊರೆತಿದೆ. ಕೋಟಿಗಟ್ಟಲೆ ಸುರಿದು ಕ್ರೀಡಾಂಗಣ ಕಟ್ಟುವ ದೇಶಕ್ಕೆ, ಆಡುವ ಮಗು ತನ್ನ ಸಾಮಾನಿನೊಂದಿಗೆ ಅಲ್ಲಿಗೆ ತಲುಪುವ ದಾರಿಯನ್ನು ಸುಗಮಗೊಳಿಸುವುದು ಅಸಾಧ್ಯವೇ?

ಮೊನ್ನೆ ಆ ಜಮಖಂಡಿಯವರು ನಮ್ಮ ಶಾಖೆಗೆ ಬಂದಿದ್ದರು. ಮಗಳು ಮತ್ತೊಂದು ಸ್ಪರ್ಧೆಗೆ ಹೊರಡುವವಳಿದ್ದಾಳೆ. ಹಣ ತೆಗೆಯುವ ಚೀಟಿಯನ್ನು ನನ್ನ ಮುಂದಿಟ್ಟು, ಮೊತ್ತದ ಜಾಗವನ್ನು ಖಾಲಿ ಬಿಟ್ಟು, “ಸಾಹೇಬ್ರ, ಈ ಸಲ ಎಷ್ಟು ರೊಕ್ಕ ತಗದಿಡಬೇಕ್ರಿ?” ಎಂದು ಕೇಳಿದರು. ಮೂವತ್ತು ವರ್ಷ ಲೆಕ್ಕದ ಪುಸ್ತಕಗಳ ನಡುವೆಯೇ ಕಳೆದ ನನಗೆ ಉತ್ತರ ಹೇಳಲಾಗಲಿಲ್ಲ. ಕೊನೆಗೆ ಅವರೇ ಹತ್ತು ಸಾವಿರವೆಂದು ಬರೆದರು. “ಉಳಿದ್ರ ತಂದು ಕಟ್ತೀನ್ರಿ,” ಎಂದರು.